ಗುಡೂರಿನಿಂದ ಯಾರೂ ಕೇಳಿಲ್ಲ

ಶನಿವಾರ ಮಧ್ಯಾಹ್ನ ಬಾಗಲಕೋಟೆ ನವನಗರದ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಅಮೀನಗಡದ ಕರದಂಟು ಹಂಚಿದರು. ಯಾರದೂ ಮದುವೆ ಗೊತ್ತಾಗಿರಲಿಲ್ಲ, ಯಾರ ಮನೆಯಲ್ಲೂ ತೊಟ್ಟಿಲು ಕಟ್ಟಿರಲಿಲ್ಲ. ಒಂದು ಅಂಕಿ ಚೆಂದ ಬಂದಿತ್ತು, ಅದಕ್ಕೆ ಈ ಸಂಭ್ರಮ.

ಕಂಪನಿಯ ಮಾಲೀಕ ನಾಗಲಿಂಗ ಆ ಅಂಕಿಯನ್ನು ಗೋಡೆಯ ಪರದೆಯ ಮೇಲೆ ಹಸಿರು ಬಣ್ಣದಲ್ಲಿ, ಕುಂಬಳಕಾಯಿಯಷ್ಟು ದೊಡ್ಡದಾಗಿ ಹಾಕಿದ್ದ: 0.9 ಸೆಕೆಂಡು. ಕುರಿಗಾರರ ಸಂಘಕ್ಕೆ ಅವನ ಕಂಪನಿ ಒಂದು ವೆಬ್ ಪುಟ ಮಾಡಿಕೊಟ್ಟಿತ್ತು. ಸಂಘದ ಹತ್ತಿರ ಕುರಿಗಳಿಗೆ ಲಸಿಕೆ ಹಾಕುವ ಡಾಕ್ಟರ ಗಾಡಿ ಒಂದಿದೆ. ಗಾಡಿ ನಮ್ಮೂರಿಗೆ ಬೇಕು ಎನ್ನುವವರು ಸೋಮವಾರ ಬೆಳಿಗ್ಗೆ ಆ ಪುಟ ತೆರೆದು ಗುಂಡಿ ಒತ್ತಬೇಕು. ಹೆಚ್ಚು ಜನ ಒತ್ತಿದ ಊರುಗಳಿಗೆ ಆ ವಾರ ಗಾಡಿ ಹೋಗುತ್ತದೆ. ಹಾಗೆ ಒತ್ತಿದವರಿಗೆ ಸರಾಸರಿ ಎಷ್ಟು ಹೊತ್ತಿನಲ್ಲಿ ಉತ್ತರ ಸಿಗುತ್ತದೆ ಎಂಬುದೇ ಗೋಡೆಯ ಮೇಲಿದ್ದ ಅಂಕಿ.

"ಕಣ್ಣ ಮುಚ್ಚಿ ತಗಿಯೂದ್ರಾಗ ಉತ್ತರ!" ಎಂದು ನಾಗಲಿಂಗ ಚಿಟಿಕೆ ಹೊಡೆದ. "ಸೋಮವಾರ ಹನ್ನೆರಡಕ್ಕ ಸಂಘದ ಮೀಟಿಂಗ್ ಐತಿ. ಬೋರವ್ವ, ರಿಪೋರ್ಟಿಗೆ ನಿಮ್ಮ ಸಹಿ ಒಂದ ಬೇಕು."

ಬೋರವ್ವ ಕೈಯಲ್ಲಿದ್ದ ಕರದಂಟನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಬೇರೆಯವರು ಕಟ್ಟಿದ್ದನ್ನು ಅಲುಗಾಡಿಸಿ ನೋಡಿ, ಎಲ್ಲಿ ಸಡಿಲಿದೆ ಎಂದು ಬರೆದುಕೊಡುವುದು ಆ ಕಂಪನಿಯಲ್ಲಿ ಅವಳ ಕೆಲಸ. ಸ್ವಭಾವಕ್ಕೆ ತಕ್ಕ ಕೆಲಸವೇ ಸಿಕ್ಕಿತ್ತು ಅನ್ನಿ. ಇಪ್ಪತ್ತೇಳು ವರ್ಷದ ಹುಡುಗಿಗೆ ಅಜ್ಜಿಯ ಹೆಸರು. ಬಾಗಲಕೋಟೆಯ ಕಾಲೇಜಿನಲ್ಲಿ ಗೆಳತಿಯರು ಬೇರೇನಾದರೂ ಚಿಕ್ಕ ಹೆಸರು ಇಟ್ಟುಕೋ ಎಂದಾಗ, "ನಿಮ್ಮ ನಾಲಿಗಿಗೆ ಭಾರ ಆದ್ರ ಕರೀಬ್ಯಾಡ್ರಿ" ಎಂದಿದ್ದಳು. ಆಮೇಲೆ ಎಲ್ಲರೂ ಬೋರವ್ವ ಎಂದೇ ಕರೆದರು.

ಸಹಿ ಮಾಡುವ ಮೊದಲು ಅವಳು ರಿಪೋರ್ಟಿನ ಎರಡನೆಯ ಹಾಳೆ ತಿರುಗಿಸಿದಳು. ಯಾವ ಊರಿನಿಂದ ಎಷ್ಟು ಜನ ಗಾಡಿ ಕೇಳಿದ್ದಾರೆ ಎಂಬ ವಿವರ ಅಲ್ಲಿತ್ತು. ಹುನಗುಂದದ ಕಡೆಯವರು ಕೇಳಿದ್ದರು, ಬಾದಾಮಿಯ ಕಡೆಯವರು ಕೇಳಿದ್ದರು. ಗುಡೂರಿನ ಎದುರು ಎರಡು ತಿಂಗಳಿಂದ ಸೊನ್ನೆ. ಕೆಳಗೆ ನಾಗಲಿಂಗನ ಸಲಹೆ ಇತ್ತು: ಗುಡೂರಿನಿಂದ ಯಾರೂ ಕೇಳಿಲ್ಲವಾದ್ದರಿಂದ ಗಾಡಿಯ ಸರದಿಯಿಂದ ಆ ಊರನ್ನು ಕೈಬಿಡಬಹುದು.

ಬೋರವ್ವ ಆ ಸಾಲಿನ ಮೇಲೆ ಬೆರಳಿಟ್ಟಳು. ಗುಡೂರು ಅವಳ ಊರು. ಅವಳ ಅಪ್ಪ ಅಮಸಿದ್ದಪ್ಪನ ಕುರಿಗಳು ಅಲ್ಲೇ ಇರುವುದು. ಇನ್ನೇನು ಮಳೆ ಬೀಳುತ್ತದೆ, ಹೊಸ ಹುಲ್ಲು ಚಿಗುರುತ್ತದೆ. ಹಸಿದ ಕುರಿ ಆ ಎಳೆ ಹುಲ್ಲಿಗೆ ಬಾಯಿ ಹಾಕಿತೆಂದರೆ ಕರುಳುಬೇನೆ. ಸಂಜೆ ನೆಟ್ಟಗಿದ್ದದ್ದು ಬೆಳಿಗ್ಗೆ ಹೊಟ್ಟೆಯುಬ್ಬಿ ಬಿದ್ದಿರುತ್ತದೆ. ಮಳೆಗೆ ಮೊದಲು ಲಸಿಕೆ ಬೀಳಲೇಬೇಕು. ಈಗ ಗಾಡಿ ತಪ್ಪಿತೆಂದರೆ ಈ ವರ್ಷದ ಮರಿಗಳನ್ನು ಮರೆಯಬೇಕಾದದ್ದೇ.

"ಇದು ಸುಳ್ಳ್ರಿ ಸರ. ನಮ್ಮಪ್ಪ ಪ್ರತಿ ಸೋಮವಾರ ಒತ್ತತಾನ."

"ಒತ್ತಿದ್ರ ಬರತಿತ್ತಲ್ಲ? ಬಂದವರದೆಲ್ಲಾ ಸರ್ವರಿನ್ಯಾಗ ಬರದೈತಿ. ಗುಡೂರವರದು ಒಂದೂ ಇಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಅಲ್ಲೆ."

"ಅದ ಫೋನಿನ್ಯಾಗ ದಿನಾ ಕುಸ್ತಿ ನೋಡತಾನ್ರಿ. ಪೈಲ್ವಾನ್ರು ಒಮ್ಮೆನೂ ನಡುವ ನಿಂತಿಲ್ಲ."

ನಾಗಲಿಂಗ ಕೆಟ್ಟ ಮನುಷ್ಯನಲ್ಲ. ಒಳ್ಳೆಯ ಅಂಕಿಯನ್ನು ಪ್ರೀತಿಸುವ ಮನುಷ್ಯ. ಅಂಥವರಿಂದಲೂ ಕೇಡು ಕಡಿಮೆಯೇನಲ್ಲ. ಅವನು ತಾಳ್ಮೆಯಿಂದಲೇ ತಿಳಿಸಿ ಹೇಳಿದ. ಪುಟ ಒಮ್ಮೆ ಫೋನಿನಲ್ಲಿ ಕುಳಿತಿತೆಂದರೆ ಸರ್ವರ್ ಸಿಗದಿದ್ದರೂ ತೆರೆಯುತ್ತದೆ. ಒತ್ತಿದ್ದು ಆಗದಿದ್ದರೆ ಮನುಷ್ಯ ಮತ್ತೆ ಒತ್ತುತ್ತಾನೆ, ಸಿಟ್ಟಿಗೆದ್ದು ಮೂರನೆಯ ಸಲ ಒತ್ತುತ್ತಾನೆ. ಮೂರನೆಯ ಸಲವೂ ಆಗದಿದ್ದರೆ ಪುಟದ ಮೇಲೆ ದೂರು ಹೇಳುವ ಫೋನ್ ನಂಬರು ತಾನಾಗಿ ಮೂಡುವಂತೆ ಮಾಡಿಟ್ಟಿದ್ದಾರೆ. ಗುಡೂರಿನಿಂದ ಎರಡು ತಿಂಗಳಲ್ಲಿ ಆ ನಂಬರಿಗೆ ಒಂದು ಫೋನೂ ಬಂದಿಲ್ಲ. ಅಂದ ಮೇಲೆ ಅಲ್ಲಿ ಯಾರೂ ಒತ್ತುತ್ತಲೇ ಇಲ್ಲ.

ಬೋರವ್ವ ರಿಪೋರ್ಟನ್ನು ಮಡಚಿದಳು. ಫೋನು ಬಾರದ ಕಾರಣ ಅವಳಿಗೆ ಆ ಕ್ಷಣದಲ್ಲೇ ಹೊಳೆದಿತ್ತು. ಆದರೆ ಕರದಂಟು ಮೆಲ್ಲುತ್ತ ನಿಂತವರ ನಡುವೆ ಅದನ್ನು ಹೇಳಿದರೆ ನಗುತ್ತಾರೆ ಎಂದೂ ಹೊಳೆಯಿತು. ತಮ್ಮ ಜನರನ್ನು ನಗೆಗೀಡು ಮಾಡಲು ಅವಳಿಗೆ ಮನಸ್ಸಿರಲಿಲ್ಲ.

"ಸೋಮವಾರ ಮೀಟಿಂಗಿನ್ಯಾಗ ಮಾಡ್ತೇನ್ರಿ ಸಹಿ" ಎಂದಷ್ಟೇ ಹೇಳಿ ಹೊರಬಿದ್ದಳು.

ಭಾನುವಾರ ಅವಳು ಗುಡೂರಿನಲ್ಲಿ ಬಸ್ಸಿಳಿದಾಗ ಹೊತ್ತು ಇಳಿಮುಖವಾಗಿತ್ತು. ಊರ ಹೊರಗೆ ಜಾಲಿಮುಳ್ಳಿನ ಬೇಲಿಯ ಹಟ್ಟಿಯಲ್ಲಿ ಮರಿಗಳು ಬಾಯಿ ಹರಿಯುವಂತೆ ಒದರುತ್ತಿದ್ದವು. ಬೆಳಿಗ್ಗೆ ತಾಯಂದಿರನ್ನು ಮೇಯಲು ಹೊಡೆದುಕೊಂಡು ಹೋಗುವಾಗ ಮರಿಗಳನ್ನು ಹಟ್ಟಿಯಲ್ಲೇ ಬಿಟ್ಟು ಹೋಗುವುದು ರೂಢಿ. ಸ್ವಲ್ಪ ಹೊತ್ತಿಗೆ ಹಿಂಡು ಬಂತು. ದೂಳು, ಒದರಾಟ, ನುಗ್ಗಾಟ. ಪ್ರತಿ ಮರಿಯೂ ತನ್ನ ತಾಯಿಯನ್ನು ಹುಡುಕಿಕೊಂಡು ಕೆಚ್ಚಲಿಗೆ ಬಾಯಿ ಹಾಕಿತು. ಗದ್ದಲ ತಣ್ಣಗಾಯಿತು.

ಪೂರ್ತಿ ತಣ್ಣಗಾಗಲಿಲ್ಲ. ಮೂಲೆಯಲ್ಲಿ ಒಂದು ಮರಿ ಇನ್ನೂ ಒದರುತ್ತಿತ್ತು.

ಅಮಸಿದ್ದಪ್ಪ ಒಳಗೆ ಬಂದ ಕುರಿಗಳ ಕಡೆ ತಿರುಗಿಯೂ ನೋಡಲಿಲ್ಲ. ಆ ಮರಿಯ ಮುಖ ನೋಡಿದ. "ಕರಿಮೂತಿದು ಹಳ್ಳದಾಗ ಉಳದೈತಿ" ಎಂದು ಕಂಬಳಿ ಹೆಗಲಿಗೇರಿಸಿ ಬಂದ ದಾರಿಯಲ್ಲೇ ತಿರುಗಿದ. ಸ್ವಲ್ಪ ಹೊತ್ತಿನಲ್ಲೇ ಕಾಲಿಗೆ ಮುಳ್ಳು ಚುಚ್ಚಿಕೊಂಡ ಕರಿಮೂತಿಯ ಕುರಿಯನ್ನು ಕುಂಟಿಸುತ್ತ ಕರೆತಂದ. ಬೋರವ್ವ ಹುಟ್ಟಿದಾಗಿನಿಂದ ನೋಡಿದ ಕೆಲಸ ಇದು. ಒಳಗೆ ಬಂದದ್ದನ್ನು ಎಷ್ಟು ಸಲ ನೋಡಿದರೂ ಬಾರದಿದ್ದದ್ದು ಯಾವುದೆಂದು ತಿಳಿಯುವುದಿಲ್ಲ. ಕಾಯುತ್ತ ನಿಂತದ್ದರ ಬಾಯಿ ಕೇಳಬೇಕು. ಇಷ್ಟು ವರ್ಷ ಅದೊಂದು ವಿದ್ಯೆ ಎಂದು ಅವಳಿಗೆ ಅನಿಸಿಯೇ ಇರಲಿಲ್ಲ.

ಅಪ್ಪ ಕೈಕಾಲು ತೊಳೆದು ಕೂತ ಮೇಲೆ ಕರದಂಟು ಕೊಟ್ಟಳು.

"ಯಾರ ಮನಿ ಸಿಹಿನವ್ವ ಇದು?"

"ಸುಳ್ಳಿನ ಮನಿದು. ಗುಡೂರಾಗ ಯಾರಿಗೂ ಗಾಡಿ ಬೇಕಾಗಿಲ್ಲ ಅಂತ ಬರದಾರ, ಆ ಖುಷಿಗೆ ಹಂಚ್ಯಾರ."

ಅಮಸಿದ್ದಪ್ಪ ಕರದಂಟನ್ನು ತಿರುಗಿಸಿ ನೋಡಿ ಹಟ್ಟಿಯ ನಾಯಿಗೆ ಎಸೆದ. ನಾಯಿ ಸುಳ್ಳು ಖರೆ ಎಂದು ನೋಡುವುದಿಲ್ಲ, ಸಂತೋಷದಿಂದ ತಿಂದಿತು.

"ನಾ ಒತ್ತೇನಿ" ಎಂದ. "ವಾರವಾರ ಒತ್ತೇನಿ. ಊರ ಮಂದಿ ಎಲ್ಲಾ ಒತ್ಯಾರ. ತಿರಗತೈತಿ, ತಿರಗತೈತಿ, ಸುಮ್ಮನಾಗತೈತಿ. ಹೌದು ಅನ್ನಂಗಿಲ್ಲ, ಅಲ್ಲ ಅನ್ನಂಗಿಲ್ಲ."

"ಮತ್ತೊಮ್ಮೆ ಯಾಕ ಒತ್ತಂಗಿಲ್ಲ ಯಪ್ಪಾ?"

ಅವನು ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದ. "ನಿನಗ ಗೊತ್ತಿಲ್ಲೇನು? ಒಮ್ಮೆ ಕೇಳೂದು. ಕೊಡಲಿಲ್ಲ ಅಂದ್ರ ಎದ್ದ ಬರೂದು. ಮತ್ತ ಅದ ದಿನ ಕೈ ಒಡ್ಡಾಕ ನಾವೇನ ತಿರಕೊಂಡ ತಿನ್ನವರೇನು?"

ಗೊತ್ತಿತ್ತು. ಶನಿವಾರ ಆಫೀಸಿನಲ್ಲಿ ಬಾಯಿಗೆ ಬಂದು ನುಂಗಿದ್ದು ಇದನ್ನೇ. ಅವರ ಬೀರಪ್ಪನ ಗುಡಿಯಲ್ಲಿ ಸೋಮವಾರ ಬೆಳಿಗ್ಗೆ ಹೂ ಕೇಳುತ್ತಾರೆ. ದೇವರ ಮೇಲೆ ಇಟ್ಟ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಬೀಳದೆ ಹಾಗೇ ಕೂತರೆ ದೇವರು ಇವತ್ತು ಮಾತಾಡಲಿಲ್ಲ ಎಂದರ್ಥ; ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು ಏಳಬೇಕು, ಮುಂದಿನ ಸೋಮವಾರದವರೆಗೆ ಅದೇ ಮಾತು ಎತ್ತಬಾರದು. ಸಂಘದ ಪುಟವೂ ಸೋಮವಾರವೇ ತೆರೆಯುತ್ತಿತ್ತು. ಜನ ಗುಡಿಯಿಂದ ಹೊರಗೆ ಬಂದು, ಕಟ್ಟೆಯ ಮೇಲೆ ಕೂತು, ಹೂ ಕೇಳಿದ ಹಾಗೆಯೇ ಒಮ್ಮೆ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಎದ್ದು ಹೋದರು. ಎರಡನೆಯ ಸಲ ಒತ್ತಿದವರಿಲ್ಲ, ಆದ್ದರಿಂದ ಮೂರನೆಯ ಸಲದ ನಂಬರು ಗುಡೂರಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಹಂಗಾರ ಸಂಘಕ್ಕ ಫೋನರ ಮಾಡಬೇಕಿತ್ತಲ್ಲ?"

"ಈ ಗುಂಡಿ ಒತ್ತೂದು ಕಲಸಾಕ ನಿಮ್ಮ ಕಂಪನಿಯಿಂದ ಬಂದಾಂವನ ಹೇಳ್ಯಾನ, ಇನ್ನ ಮ್ಯಾಲೆ ಫೋನ್ ಮಾಡಬ್ಯಾಡ್ರಿ, ಇದರಾಗ ಕೇಳ್ರಿ ಅಂತ. ಕೇಳೇವಿ. ಅವರಿಗೆ ಕೊಡೂ ಮನಸ್ಸಿಲ್ಲ. ಇಲ್ಲದಿದ್ರ ಇಲ್ಲ! ಕುರಿ ಸತ್ರ ಸಾಯ್ತಾವ, ನಾ ಯಾರ ಬಾಗಿಲಾಗೂ ನಿಂದ್ರಂಗಿಲ್ಲ."

ಹೇಳುವುದನ್ನು ಗಟ್ಟಿಯಾಗಿಯೇ ಹೇಳಿದ. ಆದರೆ ಕುರಿ ಸತ್ತರೆ ಎಂದಾಗ ಅವನ ಕಣ್ಣು ಮೂಲೆಯ ಮರಿಯ ಕಡೆ ಹೋದದ್ದನ್ನು ಬೋರವ್ವ ನೋಡಿದಳು. ಅಪ್ಪನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು. ಈ ಹಟಮಾರಿ ಮುದುಕನನ್ನು ಬೇಡುವಂತೆ ಮಾಡಬಾರದು, ಗಾಡಿಯೂ ತಪ್ಪಬಾರದು. ಎರಡೂ ಆಗಬೇಕು ಎಂದು ನಿರ್ಧರಿಸಿಕೊಂಡಳು.

ರೊಟ್ಟಿ, ಪುಂಡಿಪಲ್ಯ ಉಂಡವಳೇ ಲ್ಯಾಪ್‌ಟಾಪ್ ತೆರೆದಳು. ವಾರವಾರ ಆ 0.9 ಅನ್ನು ಅಳೆಯುವ ಪ್ರೋಗ್ರಾಮನ್ನು ನಾಗಲಿಂಗನೇ ಬರೆದಿದ್ದ. ಅದರ ಒಳಗು ಬಗೆದು ನೋಡುವ ಕೆಲಸಕ್ಕೆ ಯಾರೂ ಹೋಗಿರಲಿಲ್ಲ. ಬೋರವ್ವ ಈಗ ಸಾಲುಸಾಲಾಗಿ ಓದಿದಳು. ಗುಂಡಿ ಒತ್ತಿದಾಗ ಎರಡು ಕೆಲಸ ನಡೆಯುತ್ತವೆ. ಮೊದಲು ಫೋನು ಹೋಗಿ ಸರ್ವರಿನ ಬಾಗಿಲು ಬಡಿಯಬೇಕು, ಬಾಗಿಲು ತೆರೆಯಬೇಕು. ಆಮೇಲೆ ಒಳಗೆ ಹೋಗಿ ಕೇಳಬೇಕು, ಉತ್ತರ ಬರಬೇಕು. ನಾಗಲಿಂಗನ ಗಡಿಯಾರ ಶುರುವಾಗುತ್ತಿದ್ದದ್ದು ಬಾಗಿಲು ತೆರೆದ ಮೇಲೆ. ಮೂವತ್ತು ಸೆಕೆಂಡು ಬಡಿದರೂ ಬಾಗಿಲು ತೆರೆಯದಿದ್ದರೆ ಏನು ಮಾಡಬೇಕು ಎಂಬುದಕ್ಕೂ ಒಂದು ಸಾಲಿತ್ತು: ಅದನ್ನು ಬಿಟ್ಟು ಮುಂದಿನದಕ್ಕೆ ಹೋಗು.

ಬಿಟ್ಟು ಮುಂದೆ ಹೋಗು! ಅವಳು ಆ ಸಾಲನ್ನು ಎರಡು ಸಲ ಓದಿದಳು. ಎಷ್ಟು ಸುಲಭವಾಗಿ ಬರೆದಿದ್ದಾನೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ, ಒಳಗೆ ಬಂದವರಿಗೆಲ್ಲ ಬೇಗ ಉತ್ತರ ಸಿಕ್ಕಿದೆ, ಅವರದಷ್ಟೇ ಸರಾಸರಿ. ಬಾಗಿಲಲ್ಲಿ ನಿಂತು ಬಡಿದು ಬಡಿದು ಹೋದವನು ಸರ್ವರಿನ ಲೆಕ್ಕದಲ್ಲೂ ಇಲ್ಲ, ಅಳತೆಯ ಲೆಕ್ಕದಲ್ಲೂ ಇಲ್ಲ. ಅವನು ಹುಟ್ಟಿಯೇ ಇಲ್ಲ.

ಅವಳು ಆ ಸಾಲನ್ನು ಕಿತ್ತು ಹಾಕಿದಳು. ಗಡಿಯಾರ ಬೆರಳು ಒತ್ತಿದ ಗಳಿಗೆಯಿಂದ ಓಡಲಿ. ಬಾಗಿಲು ತೆರೆಯಲು ಹಿಡಿದ ಹೊತ್ತು ಬೇರೆ ಬರೆದಿಡು, ಉತ್ತರಕ್ಕೆ ಹಿಡಿದ ಹೊತ್ತು ಬೇರೆ. ಬಾಗಿಲು ತೆರೆಯದಿದ್ದರೆ ಅದನ್ನೂ ಬರೆದಿಡು, ತೆರೆಯಲಿಲ್ಲ ಎಂದೇ ಬರೆದಿಡು. ಕೆಲಸ ಮುಗಿಸಿ ಜರೀನಾಳಿಗೆ ಫೋನ್ ಮಾಡಿದಳು. ಇಳಕಲ್ಲಿನ ಜರೀನಾ ಅದೇ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವಳು, ಮೆತ್ತಗಿನ ಹುಡುಗಿ, ಕೆಲಸದಲ್ಲಿ ಚುರುಕು.

"ನಾಳಿ ಮುಂಜಾನಿ ಏಳಕ್ಕ ನೀ ಆಫೀಸಿನ್ಯಾಗ ಇರಬೇಕು. ಗುಡೂರಿಂದ ಯಾರ ಬರತಾರ, ಅಷ್ಟ ನೋಡಿ ಹೇಳು."

"ನಾಗಲಿಂಗ ಸರಗ ಗೊತ್ತೈತಿ?"

"ಗೊತ್ತಿಲ್ಲ."

"ಬರತೇನಿ ತಗೋ" ಎಂದಳು ಜರೀನಾ.

ಸೋಮವಾರ ಬೀರಪ್ಪನ ಗುಡಿಯ ಕಟ್ಟೆ ತುಂಬಿತ್ತು. ಹಣೆಗೆ ಭಂಡಾರ ಹಚ್ಚಿಕೊಂಡವರು, ಕಂಬಳಿ ಹೊದ್ದವರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ಬೋರವ್ವ ಅವರಿಗೆ ಹೆಚ್ಚಿಗೇನೂ ಹೇಳಲಿಲ್ಲ. ಯಾವಾಗಿನಂತೆ ಒಮ್ಮೆ ಒತ್ತಿ, ಎರಡನೆಯ ಸಲ ಬೇಡ ಎಂದಳು. ತನ್ನ ಲ್ಯಾಪ್‌ಟಾಪನ್ನು ಅಪ್ಪನ ಫೋನಿಗೇ ಜೋಡಿಸಿ ಅಳತೆಯ ಪ್ರೋಗ್ರಾಮನ್ನೂ ಓಡಲು ಬಿಟ್ಟಳು. ಏಳಾಯಿತು. ಎಲ್ಲರೂ ಒತ್ತಿದರು. ಎಲ್ಲರ ಅಂಗೈಯಲ್ಲೂ ಚಕ್ರ ತಿರುಗತೊಡಗಿತು. ಗರ್ಭಗುಡಿಯ ಮುಂದೆ ಕೂತಷ್ಟೇ ಗಂಭೀರವಾಗಿ ಪರದೆ ನೋಡುತ್ತಿದ್ದರು.

"ಜರೀನಾ, ಯಾರ ಬಂದ್ರು?"

"ಹುನಗುಂದದವರು ಬರಾಕತ್ತಾರ. ಗುಡೂರವರು ಒಬ್ರೂ ಇಲ್ಲ."

"ಇಲ್ಲೆ ಊರಿಗೆ ಊರ ಒತ್ತಿ ಕುಂತೈತಿ ನೋಡು."

"ಖರೇನ ಒಬ್ರೂ ಇಲ್ಲ ಬೋರವ್ವ. ಅವರು ನಮ್ಮ ತನಕ ಬಂದ ಇಲ್ಲ."

ಚಕ್ರಗಳು ಒಂದೊಂದಾಗಿ ನಿಂತವು. ಜನ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದರು. ಅಮಸಿದ್ದಪ್ಪ ಮಗಳಿಗೆ, "ನೋಡಿದೆಲ್ಲ?" ಎಂದು ಕುರಿ ಬಿಡಲು ಹೋದ. ಬೋರವ್ವ ಅದೇ ಸಂಪರ್ಕದಲ್ಲಿ ಬೇರೆ ನಾಲ್ಕಾರು ಪುಟ ತೆರೆದು ನೋಡಿದಳು. ಎಲ್ಲವೂ ತಕ್ಷಣ ತೆರೆದವು. ನೆಟ್‌ವರ್ಕಿನದು ತಪ್ಪಲ್ಲ. ಗುಡೂರಿನವರು ಬಾಗಿಲ ತನಕ ಹೋಗುತ್ತಿದ್ದಾರೆ, ಬಾಗಿಲು ತೆರೆಯುತ್ತಿಲ್ಲ. ಹಾಗಾದರೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ.

"ಜರೀನಾ, ಸರ್ವರಿನ ಮುಂದ ಕಾವಲಿಗೆ ಇಟ್ಟದ್ದು ಐತಲ್ಲ, ಫೈರ್‌ವಾಲ್, ಅದು ಯಾರನ್ನ ಬಿಡಂಗಿಲ್ಲ ಅಂತ ಪಟ್ಟಿ ತಗಿ. ನಾ ಈಗ ನಮ್ಮಪ್ಪನ ಫೋನಿನ ಇಂಟರ್ನೆಟ್ ವಿಳಾಸ ಕಳಸ್ತೇನಿ, ಅದರಾಗ ಐತೇನ ನೋಡು."

ಆ ಕಡೆ ಕೀಲಿಮಣೆಯ ಸಪ್ಪಳ ಕೇಳಿಸಿತು.

"ಐತಿ. ನಮ್ಮವರು ಅಲ್ಲಿಗೆ ಕಲಸಾಕ ಹೋಗಿದ್ರಲ್ಲ, ಅವತ್ತಿನಿಂದ ಐತಿ."

ಇಬ್ಬರಿಗೂ ಸಂಗತಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳ್ಳಿಯ ಫೋನುಗಳಿಗೆ ಒಂದೊಂದಕ್ಕೆ ಒಂದೊಂದು ವಿಳಾಸ ಇರುವುದಿಲ್ಲ. ಮೊಬೈಲ್ ಕಂಪನಿ ಆ ಸೀಮೆಯ ಫೋನುಗಳನ್ನೆಲ್ಲ ಒಂದೇ ವಿಳಾಸದ ಹೆಸರಿನಲ್ಲಿ ಹೊರಗೆ ಕಳಿಸುತ್ತದೆ. ಕಲಿಸಲು ಬಂದವನು ಎರಡು ತಿಂಗಳ ಹಿಂದೆ ಊರವರನ್ನು ಕೂಡಿಸಿ, "ಎಲ್ಲಾರೂ ಒಮ್ಮೆಲೆ ಒತ್ರಿ ನೋಡೂಣು" ಅಂದಿದ್ದ. ಎಲ್ಲರೂ ಒಮ್ಮೆಲೇ ಒತ್ತಿದ್ದರು. ಕಾವಲಿನವನಿಗೆ ನಾಗಲಿಂಗ ಹೇಳಿಟ್ಟದ್ದು ಒಂದೇ ಮಾತು: ಒಂದೇ ವಿಳಾಸದಿಂದ ಒಮ್ಮೆಲೇ ಬಹಳ ಬಡಿತ ಬಂದರೆ ಕಳ್ಳ ಎಂದು ತಿಳಿ, ಮತ್ತೆಂದೂ ಬಾಗಿಲು ತೆರೆಯಬೇಡ, ಇಲ್ಲ ಎಂದೂ ಹೇಳಬೇಡ. ಅವನ ಕಣ್ಣಿಗೆ ಇಡೀ ಗುಡೂರು ಒಬ್ಬನೇ ಮನುಷ್ಯ, ಅದೂ ಕಳ್ಳ.

"ಈಗ ತಗದ ಬಿಡ್ಲೇನು?" ಜರೀನಾ ಕೇಳಿದಳು. "ಒಂದ ಸಾಲ ಅಳಸಿದ್ರ ಆತು."

ಬೋರವ್ವ ಯೋಚಿಸಿದಳು. ಸದ್ದಿಲ್ಲದೆ ಅಳಿಸಿದರೆ ಬಾಗಿಲು ತೆರೆಯುತ್ತದೆ ನಿಜ. ಆದರೆ ಎರಡು ತಿಂಗಳ ಸೊನ್ನೆ ಹಾಗೇ ಇರುತ್ತದೆ, ಹಸಿರು ಅಂಕಿ ಹಾಗೇ ಇರುತ್ತದೆ, ಮಧ್ಯಾಹ್ನ ಅದನ್ನೇ ತೋರಿಸಿ ಗಾಡಿಯ ಸರದಿಯಿಂದ ಗುಡೂರನ್ನು ಎತ್ತಿಬಿಡುತ್ತಾರೆ. ನಾಳೆ ಇನ್ನೊಂದು ಊರಿಗೆ ಹೀಗಾದರೂ ಅಳತೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

"ಬ್ಯಾಡ. ಹಂಗ ಇರಲಿ. ಅದನ್ನ ಹನ್ನೆರಡಕ್ಕ ಅವರ ಮುಂದ ತಗಿಯೂಣು."

"ನನ್ನ ನೌಕರಿ ಹೋಗತೈತಿ ನೋಡು."

"ನಂದೂ ಹೋಗತೈತಿ. ಜೋಡಿಲೆ ಹೋಗೂಣು."

ಸಂಘದ ಕಚೇರಿ ನವನಗರದಲ್ಲೇ ಇತ್ತು. ಬೋರವ್ವ ಬಸ್ಸಿನಿಂದ ಇಳಿದು ಬೆವರು ಒರೆಸಿಕೊಳ್ಳುತ್ತ ಒಳಗೆ ಹೋದಾಗ ನಾಗಲಿಂಗನ ಹಸಿರು ಅಂಕಿ ಆಗಲೇ ಗೋಡೆ ಏರಿತ್ತು. ಸಂಘದ ಕಾರ್ಯದರ್ಶಿ ಇಂದ್ರಾಬಾಯಿ ಮೇಜಿನ ತಲೆಗೆ ಕೂತಿದ್ದಳು. ಮಾತು ಚಿಕ್ಕದು, ಸಿಟ್ಟು ದೊಡ್ಡದು ಎಂದು ಹೆಸರಾದ ಹೆಂಗಸು. ಸುತ್ತ ಸದಸ್ಯರು ಚಹಾ ಕುಡಿಯುತ್ತಿದ್ದರು. ಜರೀನಾ ಮೂಲೆಯ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಅಪ್ಪಿಕೊಂಡು ಮುದುಡಿದ್ದಳು.

"ಬರ್ರಿ ಬೋರವ್ವ, ನಿಮ್ಮ ಸಹಿ ಒಂದ ಬಾಕಿ ಐತಿ" ಎಂದು ನಾಗಲಿಂಗ ಹಾಳೆ ಸರಿಸಿದ.

"ಇದಕ್ಕ ನಾ ಸಹಿ ಮಾಡಂಗಿಲ್ರಿ. ನನ್ನ ಅಳತಿ ಬ್ಯಾರೆ ಐತಿ."

ಅವನು ಏನಾದರೂ ಹೇಳುವ ಮೊದಲೇ ಅವಳು ತನ್ನ ಲ್ಯಾಪ್‌ಟಾಪಿನ ವಾಯರು ಸಿಕ್ಕಿಸಿದಳು. ಗೋಡೆಯ ಮೇಲೆ ಹಸಿರು ಹೋಗಿ ಕೆಂಪು ಬಂತು: 11 ಸೆಕೆಂಡು.

"ಇದು ಇವತ್ತ ಮುಂಜಾನಿದು. ಒಳಗ ಬಂದ ಊರವರದು ಸರ್ವರಿನಿಂದ ತಗೊಂಡೇನಿ, ಗುಡೂರಿನ ಕಟ್ಟಿ ಮ್ಯಾಲೆ ಒತ್ತಿ ಬಾಗಿಲಾಗ ನಿಂತು ಹಿಂದ ಹೋದವರನ್ನೂ ಎಣಿಸಿ ಕೂಡಿಸೇನ್ರಿ. ಅವರದು ಮೂವತ್ತು ಸೆಕೆಂಡ್ ಅಂತ ಹಾಕೇನಿ. ಅದೂ ಖರೆ ಅಲ್ಲ. ಫೋನ ಮೂವತ್ತಕ್ಕ ಸೋತ ಬಿಡತೈತಿ, ಅದಕ್ಕ ಮೂವತ್ತು. ನಿಂತಿದ್ರ ಜನ್ಮ ಪೂರಾ ನಿಲ್ಲಬೇಕಾಗಿತ್ತು."

"ಬಾಗಿಲ್ ಅಂದ್ರ ಏನ್ ಬಾಗಿಲ್?" ಇಂದ್ರಾಬಾಯಿ ಕೇಳಿದಳು.

ಬೋರವ್ವ ಹೇಳಿದಳು. ಗಡಿಯಾರ ಎಲ್ಲಿಂದ ಶುರುವಾಗುತ್ತಿತ್ತು, ಯಾರನ್ನು ಬಿಟ್ಟು ಮುಂದೆ ಹೋಗುತ್ತಿತ್ತು, ಒಂದೂ ಬಿಡದೆ ಹೇಳಿದಳು. ನಾಗಲಿಂಗ ಎದ್ದುನಿಂತ. "ಮೇಡಂ, ಅದು ಗುಡೂರಿನ ನೆಟ್‌ವರ್ಕ್ ಸಮಸ್ಯಾ. ನಮ್ಮ ಕಡೆಯಿಂದ ಯಾರನ್ನೂ ತಡದಿಲ್ಲ. ಒಬ್ಬರನ್ನೂ ತಡದಿಲ್ಲ."

ತಡೆದಿದ್ದೀರಾ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೂಲೆಯ ಕುರ್ಚಿ ಕಿರ್ ಎಂದಿತು. ಜರೀನಾ ಎದ್ದು ಬಂದಳು. ವಾಯರನ್ನು ಬೋರವ್ವನ ಲ್ಯಾಪ್‌ಟಾಪಿನಿಂದ ತೆಗೆದು ತನ್ನದಕ್ಕೆ ಸಿಕ್ಕಿಸಿದಳು. ಗೋಡೆಯ ಮೇಲೆ ಕಾವಲಿನ ಪಟ್ಟಿ ಬಂತು. ಆ ವಿಳಾಸ, ಅದರ ಮುಂದೆ ತಾರೀಕು.

"ತಡದೇವ್ರಿ ಮೇಡಂ" ಎಂದಳು ಜರೀನಾ. "ಕಲಸಾಕ ಹೋದ ದಿನಾನ ತಡದೇವಿ. ಊರ ಮಂದಿನೆಲ್ಲಾ ಒಬ್ಬ ಕಳ್ಳ ಅಂತ ತಿಳಕೊಂಡೈತಿ ಇದು."

ಚಹಾದ ಕಪ್ಪುಗಳು ಅಲ್ಲಲ್ಲೇ ನಿಂತವು. ನಾಗಲಿಂಗ ಸೆಕ್ಯುರಿಟಿ ಎಂದ, ಹ್ಯಾಕರ್ ಎಂದ, ದೊಡ್ಡ ಕಂಪನಿಗಳೂ ಹೀಗೇ ಮಾಡುತ್ತವೆ ಎಂದ. ಇಂದ್ರಾಬಾಯಿ ಕೈ ಎತ್ತಿದಳು.

"ಮದಲ ಅದನ್ನ ಅಳಸ್ರಿ."

ಜರೀನಾ ಎಲ್ಲರ ಎದುರೇ ಅಳಿಸಿದಳು.

"ಈಗ ಗುಡೂರವರಿಗೆ ಹೇಳ್ರಿ ಬೋರವ್ವ, ಮತ್ತೊಮ್ಮೆ ಒತ್ತಲಿ. ಬಂದಿದ್ದು ನನ್ನ ಕಣ್ಣಿಗೆ ಕಾಣಬೇಕು. ಆಮ್ಯಾಲೆ ಗಾಡಿ ವಿಚಾರ ಮಾಡೂಣು."

"ಒತ್ತಂಗಿಲ್ರಿ ಮೇಡಂ."

"ಅಂದ್ರ?"

"ಇವತ್ತಿಂದು ಒಮ್ಮೆ ಕೇಳ್ಯಾರ. ನಮ್ಮಲ್ಲೆ ಒಂದ ದಿನ ಎರಡ ಸಲ ಕೇಳಂಗಿಲ್ಲ. ದೇವರನ್ನ ಕೇಳಂಗಿಲ್ಲ, ನಿಮ್ಮನ್ನ ಕೇಳತಾರೇನು?"

ಒಬ್ಬ ಸದಸ್ಯ ನಕ್ಕ. ಶನಿವಾರ ಅವಳು ಹೆದರಿ ಮಾತು ನುಂಗಿದ್ದು ಇದೇ ನಗೆಗೆ. ಇವತ್ತು ಅದು ಅವಳಿಗೆ ತಾಗಲಿಲ್ಲ.

"ಇದೇನ ಸೊಕ್ಕು?" ಇಂದ್ರಾಬಾಯಿಯ ದನಿ ಏರಿತು. "ಗಾಡಿ ಬೇಕಾಗಿದ್ದು ಅವರಿಗೆ."

"ಸೊಕ್ಕ ಅನ್ರಿ ಮೇಡಂ, ಬ್ಯಾಡ ಅನ್ನಂಗಿಲ್ಲ. ಎರಡ ತಿಂಗಳ ಸೋಮವಾರ ಸೋಮವಾರ ಬಂದು ನಿಮ್ಮ ಬಾಗಿಲಾ ಬಡದಾರ. ನೀವು ಬಾಗಿಲಾ ತಗೀಲಿಲ್ಲ, ಮ್ಯಾಲೆ ಯಾರೂ ಬಂದಿಲ್ಲ ಅಂತ ಬರಕೊಂಡ್ರಿ. ಇನ್ನ ಅವರು ಕೇಳೂದು ಮುಗದೈತಿ. ಈಗ ಕೇಳೂ ಸರದಿ ನಿಮ್ದು."

ಹೇಳಿ ಮುಗಿಸಿದ ಮೇಲೆ ನೌಕರಿ ಹೋಯಿತು ಎಂದುಕೊಂಡಳು. ಇಂದ್ರಾಬಾಯಿ ರಿಪೋರ್ಟಿನ ಹಾಳೆ ತಿರುಗಿಸಿ ಗುಡೂರಿನ ಎದುರಿದ್ದ ಸೊನ್ನೆಯನ್ನು ನೋಡಿದಳು. ಕೆಂಪು ಮುಖ ನಿಧಾನಕ್ಕೆ ಇಳಿಯಿತು. ಸಂಘದ ಫೋನನ್ನು ಮೇಜಿನ ನಡುವೆ ಎಳೆದುಕೊಂಡಳು.

"ಯಾರಿಗೆ ಹಚ್ಚಬೇಕು ಹೇಳ್ರಿ."

ಬೋರವ್ವ ಅಪ್ಪನ ನಂಬರು ಹೇಳಿದಳು. ಎಲ್ಲರಿಗೂ ಕೇಳಲಿ ಎಂದು ಇಂದ್ರಾಬಾಯಿ ಸ್ಪೀಕರ್ ಹಾಕಿದಳು. ಆ ಕಡೆ ಗಂಟೆ ಬಾರಿಸಿತು. ಬಾರಿಸುತ್ತಲೇ ಹೋಯಿತು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಯಂತ್ರದ ಹೆಂಗಸು ಬಂದು, ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ ಎಂದಳು. ನಾಗಲಿಂಗ, "ನಾ ಹೇಳಲಿಲ್ರಿ, ಅಲ್ಲೆ ನೆಟ್‌ವರ್ಕ್..." ಎಂದು ಶುರುಮಾಡಿದ, ಇಂದ್ರಾಬಾಯಿ ಅವನ ಕಡೆ ನೋಡಿದ್ದಕ್ಕೆ ನಿಲ್ಲಿಸಿದ.

ಅವಳು ಎರಡನೆಯ ಸಲ ಹಚ್ಚಿದಳು. ಒಂದೇ ಗಂಟೆಗೆ ಆ ಕಡೆಯಿಂದ ಕುರಿಗಳ ಒದರಾಟ ಕೇಳಿತು.

"ಹೇಳ್ರಿ."

"ಅಮಸಿದ್ದಪ್ಪನವರ, ನಾನು ಸಂಘದ ಕಾರ್ಯದರ್ಶಿ ಇಂದ್ರಾಬಾಯಿ. ಮದಲನೇ ಸಲ ಯಾಕ ಎತ್ತಲಿಲ್ರಿ?"

"ನಿಮ್ಮ ಸಂಘದ ನಂಬರ ಅಂತ ಗೊತ್ತಾತ್ರಿ. ಮುಂದ ಇಟಕೊಂಡ ನೋಡಕೋತ ಕುಂತಿದ್ದೆ. ಎರಡ ತಿಂಗಳ ನಮ್ದು ತಿರಗೇತಿ. ನಿಮ್ದೂ ಒಮ್ಮೆ ತಿರಗಲಿ ಅಂತ ಬಿಟ್ಟೆ." ಸ್ವಲ್ಪ ತಡೆದು, "ಈಗ ಹೇಳ್ರಿ, ಏನ್ ಬೇಕಾಗಿತ್ತು?"

ಇಂದ್ರಾಬಾಯಿ ಕಣ್ಣು ಮುಚ್ಚಿ, ಸೆರಗು ಸರಿಪಡಿಸಿಕೊಂಡು, ಆಮೇಲೆ ಕೇಳಿದಳು.

"ತಪ್ಪ ನಮ್ದಾಗೇತ್ರಿ. ಗಾಡಿ ಯಾವಾಗ ಕಳಸೂಣ್ರಿ?"

"ನಾಳಿ ಮುಂಜಾನಿ. ಕುರಿ ಮೇಯಾಕ ಬಿಡೂದ್ರಾಗ ಬರ್ರಿ. ಹೊತ್ತ ಮಾಡಿದ್ರ ನಾವು ನಿಲ್ಲಂಗಿಲ್ಲ."

ಫೋನು ಕಟ್ಟಾಯಿತು. ಬೋರವ್ವ ವಾಯರನ್ನು ಮತ್ತೆ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೆಂಪು ಅಂಕಿಯ ಕೆಳಗೆ ಹೊಸದೊಂದು ಸಾಲು ಸೇರಿಸಿದಳು. ಕೇಳಿದವರು: ಸಂಘ. ಯಾರನ್ನು: ಗುಡೂರು. ಮೊದಲನೆಯ ಸಲ: ಬಾಗಿಲು ತೆರೆಯಲಿಲ್ಲ. ಅದನ್ನು ಬಿಟ್ಟು ಮುಂದೆ ಹೋಗಲಿಲ್ಲ, ಲೆಕ್ಕಕ್ಕೆ ಹಿಡಿದಳು. ನಾಗಲಿಂಗನ ಹಾಳೆಯಲ್ಲಿ 0.9 ಅನ್ನು ಹೊಡೆದುಹಾಕಿ ಹನ್ನೊಂದು ಎಂದು ಬರೆದಳು, ಆಮೇಲೆ ತನ್ನ ಅಜ್ಜಿಯ ಹೆಸರನ್ನು ಪೂರ್ತಿಯಾಗಿ, ದುಂಡಗೆ ಬರೆದು ಸಹಿ ಮಾಡಿದಳು.